ಜಿರಾದ ಬರ್ನ್‌ಡೌನ್ ವರದಿ: ಗೆರೆಗಿಂತ ಅದರ ಕೆಳಗಿನ ಪಟ್ಟಿಯೇ ಮೇಲು

ಸ್ಪ್ರಿಂಟಿನ (ತಂಡವೊಂದು ಗೊತ್ತುಮಾಡಿಕೊಂಡ ಕೆಲಸವನ್ನು ಮುಗಿಸಬೇಕಾದ ಚಿಕ್ಕ ಅವಧಿಯ) ದಿನಗಳು ಅಡ್ಡಕ್ಕೆ, ಉಳಿದಿರುವ ಕೆಲಸ ಉದ್ದಕ್ಕೆ. ದಿನ ಕಳೆದಂತೆ ಗೆರೆ ಇಳಿಯುತ್ತ ಬಂದು ಕೊನೆಯ ದಿನ ಸೊನ್ನೆಯನ್ನು ಮುಟ್ಟಬೇಕು. ಬರ್ನ್‌ಡೌನ್ ನಕ್ಷೆಯ ಕಲ್ಪನೆ ಇಷ್ಟು ಸರಳವಾಗಿರುವುದರಿಂದಲೇ ಕೆಲಸವನ್ನು ಇಂಥ ಅವಧಿಗಳಾಗಿ ಒಡೆದು ನಡೆಸುವ ಸ್ಕ್ರಮ್ ಪದ್ಧತಿಯನ್ನು ಅನುಸರಿಸುವ ತಂಡಗಳಲ್ಲಿ ಅದು ಬೇರೂರಿದೆ. ಸಿಡ್ನಿಯ ಅಟ್ಲಾಸಿಯನ್ ಸಂಸ್ಥೆ 2002ರಲ್ಲಿ ಹೊರತಂದ, ತಂಡದ ಕೆಲಸಗಳ ಲೆಕ್ಕವಿಡುವ ತಂತ್ರಾಂಶವಾದ ಜಿರಾ, ಈ ನಕ್ಷೆಯನ್ನು ಸ್ಕ್ರಮ್ ಬೋರ್ಡಿನ (ಕೆಲಸಗಳು ಕಾಲಂನಿಂದ ಕಾಲಂಗೆ ಹಂತಹಂತವಾಗಿ ಸಾಗುವ ಫಲಕದ) ವರದಿಗಳಲ್ಲಿ ತಾನೇ ಬರೆದುಕೊಡುತ್ತದೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಒಂದು ವರದಿಯನ್ನು ಮಾತ್ರ. ಎಲ್ಲರೂ ನೋಡುವ ಕೆಂಪು ಗೆರೆ ಅದರಲ್ಲಿ ಅತ್ಯಂತ ದುರ್ಬಲವಾದ ಭಾಗ, ಯಾರೂ ಇಳಿದು ನೋಡದ ಕೆಳಗಿನ ಪಟ್ಟಿಯೇ ಅದರ ನಿಜವಾದ ಬೆಲೆ ಎಂಬುದು ನನ್ನ ತೀರ್ಮಾನ.

ವರದಿಯನ್ನು ತೆರೆದರೆ ಬೂದು ಬಣ್ಣದ ಮಾರ್ಗಸೂಚಿ ಗೆರೆ ಮತ್ತು ಉಳಿದ ಕೆಲಸವನ್ನು ತೋರಿಸುವ ಕೆಂಪು ಗೆರೆ ಕಾಣಿಸುತ್ತವೆ. ಅಳತೆ, ಕೆಲಸದ ಗಾತ್ರಕ್ಕೆ ತಂಡವೇ ಅಂದಾಜಿನಿಂದ ಕೊಡುವ ಅಂಕಗಳಾದ ಸ್ಟೋರಿ ಪಾಯಿಂಟ್‌ಗಳಲ್ಲಿರಬಹುದು, ಗಂಟೆಗಳಲ್ಲಿರಬಹುದು, ಇಲ್ಲವೇ ಟಿಕೆಟ್‌ಗಳ (ಒಂದೊಂದು ಕೆಲಸದ ದಾಖಲೆಗಳ) ಸಂಖ್ಯೆಯಲ್ಲಿರಬಹುದು. ಯಾವ ಅಳತೆಯನ್ನು ಆರಿಸುತ್ತೇವೆ ಎಂಬುದರ ಮೇಲೆ ಗೆರೆ ಯಾವ ಬಗೆಯ ಸುಳ್ಳು ಹೇಳುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಪಾಯಿಂಟ್‌ಗಳನ್ನೇ ತೆಗೆದುಕೊಳ್ಳೋಣ. ಬೋರ್ಡಿನ ಬಲತುದಿಯ ಕಾಲಂ ಸೇರಿದ ಟಿಕೆಟನ್ನು ಮಾತ್ರ ಜಿರಾ ಮುಗಿದ ಕೆಲಸವೆಂದು ಎಣಿಸುತ್ತದೆ; ಕೋಡ್ ಬರೆದಾಗಿದ್ದು ಟೆಸ್ಟಿಂಗ್ ಕಾಲಂನಲ್ಲಿ ಕುಳಿತಿರುವ ಟಿಕೆಟಿಗೆ ಅರ್ಧ ಅಂಕವೂ ಇಲ್ಲ. ಹತ್ತು ಕೆಲಸದ ದಿನಗಳ ಸ್ಪ್ರಿಂಟಿನಲ್ಲಿ 40 ಪಾಯಿಂಟ್ ಹೊತ್ತ ತಂಡವೊಂದನ್ನು ಊಹಿಸಿಕೊಳ್ಳಿ. ಏಳನೆಯ ದಿನ ಮುಗಿಯುವಾಗ ಮಾರ್ಗಸೂಚಿಯ ಪ್ರಕಾರ 12 ಪಾಯಿಂಟ್ ಉಳಿದಿರಬೇಕು. ಆದರೆ 20 ಪಾಯಿಂಟ್ ಟೆಸ್ಟಿಂಗ್‌ನಲ್ಲಿದ್ದು ಕೇವಲ 6 ಪಾಯಿಂಟ್ ಪೂರ್ತಿ ಮುಗಿದಿದ್ದರೆ, ಕೆಂಪು ಗೆರೆ 34ರ ಎತ್ತರದಲ್ಲಿ ಅಲುಗಾಡದೆ ನಿಂತಿರುತ್ತದೆ. ಅದನ್ನು ಕಂಡು ಮ್ಯಾನೇಜರ್ ಗಾಬರಿಯಾಗುವುದೂ, ಕೊನೆಯ ಎರಡು ದಿನಗಳಲ್ಲಿ ಅದು ಪ್ರಪಾತಕ್ಕೆ ಬಿದ್ದಂತೆ ಇಳಿದಾಗ ನಿಟ್ಟುಸಿರು ಬಿಡುವುದೂ ಹಲವು ಕಚೇರಿಗಳಲ್ಲಿ ಸ್ಪ್ರಿಂಟಿನ ವಾಡಿಕೆಯೇ ಆಗಿದೆ. ಇದನ್ನು ಉಪಕರಣದ ದೋಷ ಎನ್ನಲಾಗದು. ಸ್ಟೋರಿಗಳನ್ನು (ಬಳಕೆದಾರರಿಗೆ ಬೇಕಾದ ಒಂದೊಂದು ಸೌಲಭ್ಯದ ಕೆಲಸವನ್ನು) ಚಿಕ್ಕದಾಗಿ ಒಡೆಯದ ತಂಡಕ್ಕೆ ಅದು ಮುಲಾಜಿಲ್ಲದೆ ಹೇಳುತ್ತಿರುವ ಮಾತು. ಆದರೆ ಸಬ್‌ಟಾಸ್ಕ್‌ಗಳಿಗೆ (ಒಂದು ಟಿಕೆಟಿನ ಒಳಗಿನ ಉಪಕೆಲಸಗಳಿಗೆ) ಕೊಟ್ಟ ಪಾಯಿಂಟ್‌ಗಳನ್ನು ಈ ವರದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಹೊಸ ತಂಡಗಳು ತಡವಾಗಿ ಕಂಡುಕೊಳ್ಳುತ್ತವೆ, ಮತ್ತು ಅದರ ಬಗ್ಗೆ ಪರದೆಯ ಮೇಲೆ ಎದ್ದುಕಾಣುವ ಒಂದು ಸೂಚನೆಯಾದರೂ ಇರಬೇಕಿತ್ತು.

ಗಂಟೆಗಳ ಅಳತೆಯಲ್ಲಿ ತೊಂದರೆ ತಿರುವುಮುರುವಾಗುತ್ತದೆ. ಒಬ್ಬರು ಒಂದು ಟಿಕೆಟಿನ ಮೇಲೆ ಆರು ಗಂಟೆ ದುಡಿದೆನೆಂದು ದಾಖಲಿಸಿದರೆ, ಬೇರೆ ಆಯ್ಕೆ ಮಾಡದ ಹೊರತು, ಉಳಿದ ಅಂದಾಜಿನಿಂದ ಆರು ಗಂಟೆಯನ್ನು ಜಿರಾ ತಾನಾಗಿ ಕಳೆಯುತ್ತದೆ. ಆ ಆರು ಗಂಟೆಯೂ ಒಂದು ಹಟಮಾರಿ ಬಗ್ಗಿನ (ಕೋಡಿನ ದೋಷದ) ಹಿಂದೆ ವ್ಯರ್ಥವಾಗಿ, ಕೆಲಸ ಇದ್ದಲ್ಲೇ ಇದ್ದರೂ ಗೆರೆ ಮಾತ್ರ ನಯವಾಗಿ ಇಳಿಯುತ್ತದೆ. ಹೀಗೆ ಬಳಸಿದಾಗ ಬರ್ನ್‌ಡೌನ್ ಕೆಲಸದ ನಕ್ಷೆಯಾಗಿ ಉಳಿಯದೆ ಹಾಜರಿ ಪುಸ್ತಕವಾಗಿಬಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ, ನಿರಾಶೆ ಹುಟ್ಟಿಸುವ ಪಾಯಿಂಟ್ ಗೆರೆಯೇ ವಾಸಿ ಎನ್ನುತ್ತೇನೆ.

ಇನ್ನು ಕೆಳಗಿನ ಪಟ್ಟಿ. ಸ್ಪ್ರಿಂಟ್ ಆರಂಭವಾದ ಕ್ಷಣದಿಂದ ಯಾವ ಟಿಕೆಟ್ ಯಾವಾಗ ಮುಗಿಯಿತು, ಯಾವುದು ನಡುವೆ ಒಳಗೆ ಬಂತು, ಯಾವುದನ್ನು ಹೊರಗೆ ಕಳುಹಿಸಲಾಯಿತು, ಯಾವುದರ ಅಂದಾಜು ಬದಲಾಯಿತು, ಮುಗಿದದ್ದೆಂದುಕೊಂಡ ಯಾವುದು ಮತ್ತೆ ತೆರೆದುಕೊಂಡಿತು ಎಂಬುದೆಲ್ಲ ದಿನಾಂಕ, ಏರಿಕೆ, ಇಳಿಕೆ ಮತ್ತು ಉಳಿಕೆಗಳ ಸಮೇತ ಇಲ್ಲಿ ಸಾಲಾಗಿ ದಾಖಲಾಗಿರುತ್ತದೆ. ನಾಲ್ಕನೆಯ ದಿನ ತಂಡ 8 ಪಾಯಿಂಟ್ ಮುಗಿಸಿ, ಅದೇ ದಿನ ಗ್ರಾಹಕರ ಒತ್ತಾಯಕ್ಕೆ 8 ಪಾಯಿಂಟ್‌ನ ಹೊಸ ಕೆಲಸ ಸೇರಿಕೊಂಡರೆ, ಸಂಜೆಗೆ ಗೆರೆ ಬೆಳಗ್ಗೆ ಇದ್ದ ಎತ್ತರಕ್ಕೇ ಮರಳಿರುತ್ತದೆ. ದೂರದಿಂದ ನೋಡುವವರಿಗೆ ತಂಡ ಸುಮ್ಮನೆ ಕುಳಿತಂತೆ ತೋರುತ್ತದೆ. ಪಟ್ಟಿಯಲ್ಲಾದರೋ ಎರಡೂ ಘಟನೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಸ್ಪ್ರಿಂಟ್ ಏಕೆ ಮುಗಿಯಲಿಲ್ಲ ಎಂಬ ವಾದ ಸ್ಪ್ರಿಂಟಿನ ಕೊನೆಗೆ ನಡೆಯುವ ಹಿನ್ನೋಟದ ರೆಟ್ರೋಸ್ಪೆಕ್ಟಿವ್ ಸಭೆಯಲ್ಲಿ ಎದ್ದಾಗ ಈ ಸಾಲುಗಳಷ್ಟು ತಣ್ಣನೆಯ ಸಾಕ್ಷಿ ಬೇರೊಂದಿಲ್ಲ. ಇದೇ ಸಂಗತಿಯನ್ನು ಚಿತ್ರದಲ್ಲೇ ಕಾಣಬಯಸುವವರು ಜಿರಾದ ಬರ್ನ್‌ಅಪ್ ವರದಿಯನ್ನು ತೆರೆಯಬಹುದು. ಅಲ್ಲಿ ಒಟ್ಟು ಕೆಲಸಕ್ಕೂ ಮುಗಿದ ಕೆಲಸಕ್ಕೂ ಎರಡು ಪ್ರತ್ಯೇಕ ಗೆರೆಗಳಿವೆ.

ಒಂದು ಎಚ್ಚರಿಕೆ: ಅಂದಾಜುಗಳನ್ನು ಸ್ಪ್ರಿಂಟ್ ಆರಂಭಿಸುವ ಮೊದಲೇ ತುಂಬಿರಬೇಕು. ಆರಂಭದ ನಂತರ ತುಂಬಿದ ಪ್ರತಿಯೊಂದು ಅಂದಾಜೂ ಹೊಸದಾಗಿ ಸೇರಿದ ಹೊರೆಯಂತೆ ಗೆರೆಯನ್ನು ಮೇಲಕ್ಕೆತ್ತುತ್ತದೆ.

ರಜಾದಿನಗಳ ವಿಷಯದಲ್ಲಿ ನನಗೆ ಅರ್ಧ ತೃಪ್ತಿ ಮಾತ್ರ. ಬೋರ್ಡಿನ ಸೆಟ್ಟಿಂಗ್‌ನಲ್ಲಿ ವಾರದ ರಜೆಗಳನ್ನೂ, ಯುಗಾದಿ, ನವೆಂಬರ್ 1ರ ರಾಜ್ಯೋತ್ಸವದಂಥ ದಿನಗಳನ್ನೂ ನಮೂದಿಸಿದರೆ ಆ ದಿನಗಳಲ್ಲಿ ಮಾರ್ಗಸೂಚಿ ಸಮತಟ್ಟಾಗಿ ಸಾಗುತ್ತದೆ. ಆದರೆ ಇದು ಇಡೀ ಬೋರ್ಡಿಗೆ ಅನ್ವಯಿಸುವ ಏರ್ಪಾಡು. ಅರ್ಧ ತಂಡ ಬೆಂಗಳೂರಿನಲ್ಲಿ, ಇನ್ನರ್ಧ ಅಮೆರಿಕದಲ್ಲಿ ಇರುವಾಗ ಯಾರ ಪಂಚಾಂಗವನ್ನು ಹಿಡಿಯಬೇಕು? ಮೈಕ್ರೋಸಾಫ್ಟ್‌ನ ಇಂಥದೇ ತಂತ್ರಾಂಶವಾದ ಅಜೂರ್ ಬೋರ್ಡ್ಸ್‌ನಲ್ಲಿ ಒಬ್ಬೊಬ್ಬರ ದುಡಿಮೆಯ ಸಾಮರ್ಥ್ಯವನ್ನೂ ರಜೆಯನ್ನೂ ಪ್ರತ್ಯೇಕವಾಗಿ ದಾಖಲಿಸಿ, ಉಳಿದ ಸಾಮರ್ಥ್ಯವನ್ನು ಬರ್ನ್‌ಡೌನ್ ನಕ್ಷೆಯ ಮೇಲೇ ಇನ್ನೊಂದು ಗೆರೆಯಾಗಿ ಕಾಣಬಹುದು. ಹಬ್ಬಗಳ ತಿಂಗಳಲ್ಲಿ ಬಿಡುಗಡೆ ಇಟ್ಟುಕೊಳ್ಳುವ ತಂಡಗಳಿಗೆ ಈ ಅನುಕೂಲ ಸಣ್ಣದಲ್ಲ, ಮತ್ತು ಜಿರಾದ ಈ ವರದಿ ಇಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದಿದೆ.

ಬರ್ನ್‌ಡೌನ್ ಕಡ್ಡಾಯವೆಂಬ ನಿಯಮವನ್ನು ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್ 2011ರ ಪರಿಷ್ಕರಣೆಯಲ್ಲೇ ಕೈಬಿಟ್ಟಿತು. ಆದ್ದರಿಂದ ಇದನ್ನು ಹಿರಿಯ ಅಧಿಕಾರಿಗಳಿಗೆ ವಾರಕ್ಕೊಮ್ಮೆ ಒಪ್ಪಿಸುವ ಕಾಗದವನ್ನಾಗಿ ಇಟ್ಟುಕೊಳ್ಳುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಒಂದೆರಡು ವಾರಗಳ ಸ್ಪ್ರಿಂಟ್ ನಡೆಸುವ, ದಿನದ ಕಿರು ಸಭೆಯಾದ ಸ್ಟ್ಯಾಂಡ್‌ಅಪ್‌ನಲ್ಲಿ ಎಲ್ಲರೂ ಸೇರಿ ಪಟ್ಟಿಯನ್ನು ಓದಬಲ್ಲ ಸಣ್ಣ ತಂಡಗಳಿಗೆ ಖಂಡಿತ ಮಾಡುತ್ತೇನೆ. ಹತ್ತು ಬಳಕೆದಾರರವರೆಗೆ ಜಿರಾದ ಉಚಿತ ಯೋಜನೆಯೂ ಇದೆ. ಸ್ಪ್ರಿಂಟ್‌ಗಳಿಲ್ಲದೆ ಕೆಲಸ ನಿರಂತರವಾಗಿ ಹರಿಯುವ ಕಾನ್‌ಬಾನ್ ಬೋರ್ಡ್ ಬಳಸುವವರಿಗೆ ಈ ವರದಿ ಸಿಗುವುದಿಲ್ಲ. ಅವರು ಯಾವ ಹಂತದಲ್ಲಿ ಎಷ್ಟು ಕೆಲಸವಿದೆ ಎಂದು ತೋರಿಸುವ, ಅಲ್ಲಿಯ ಕ್ಯುಮುಲೇಟಿವ್ ಫ್ಲೋ ನಕ್ಷೆಯನ್ನೇ ನೋಡಬೇಕು.