ತಾನೇ ತೆರೆಯುವ ಕಿಟಕಿ: ಎರಡು ವರ್ಷ ಬಳಸಿದ ಮೇಲೆ

ನಮ್ಮದು ಬೆಂಗಳೂರಿನಲ್ಲಿ ಮೇಲಿನ ಮಹಡಿಯ ಮನೆ. ಹಾಲ್‌ಗೆ ಪಶ್ಚಿಮದ ಕಡೆ ದೊಡ್ಡ ಗಾಜು. ಮಾರ್ಚ್ ಬಂತೆಂದರೆ ಸಂಜೆ ನಾಲ್ಕರ ಮೇಲೆ ಅಲ್ಲಿ ಕೂರುವ ಹಾಗಿರಲಿಲ್ಲ. ಎಸಿ ಅಮ್ಮನಿಗೆ ಆಗಿಬರುವುದಿಲ್ಲ. ಹಾಗಾಗಿ ಮೋಟಾರು ಕಿಟಕಿ ಹಾಕಿಸಿದೆವು. ಗಾಜಿನ ಹೊರಗೆ ಇಳಿಯುವ ಬ್ಲೈಂಡ್, ಮಲಗುವ ಕೋಣೆಗಳಲ್ಲಿ ತಾನೇ ತೆರೆಯುವ ಕಿಟಕಿ, ಒಳಗೆ ಸೆನ್ಸರ್‌ಗಳು, ತಾರಸಿಯಲ್ಲಿ ಮಳೆ-ಗಾಳಿ ನೋಡುವುದು ಒಂದು.

ಕೊಟ್ಟ ದುಡ್ಡು ಪೂರಾ ವಸೂಲಾಗಿದ್ದು ಬ್ಲೈಂಡ್‌ನಲ್ಲಿ. ಒಳಗಿನ ಕರ್ಟನ್ ಎಷ್ಟೇ ದಪ್ಪ ಇರಲಿ, ಬಿಸಿಲು ಗಾಜು ದಾಟಿದ ಮೇಲೆ ಕರ್ಟನ್ನೇ ಕಾಯುತ್ತದೆ, ಆ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಹೊರಗೇ ತಡೆದರೆ ಆ ತಾಪತ್ರಯ ಇಲ್ಲ. ಸಜ್ಜಾ ಇದೆಯಲ್ಲ ಅಂತೀರಾ? ಸಂಜೆಯ ಸೂರ್ಯ ತಗ್ಗಿನಲ್ಲಿರುತ್ತಾನೆ, ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತಾನೆ.

ಉತ್ತರದ ಕಿಟಕಿಗೆ ಬಿಸಿಲು ಬೀಳಲ್ಲ ಅಂತ ಫಿಟ್ ಮಾಡಿದವರು ಅದನ್ನು ಬ್ಲೈಂಡ್ ತಾನೇ ಇಳಿಸುವ ಪ್ರೋಗ್ರಾಂನಿಂದ ಬಿಟ್ಟಿದ್ದರು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುವ ನೆರಳಿಲ್ಲದ ದಿನ ಬರುತ್ತದಲ್ವಾ, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಹೇಳಿ ಹೇಳಿ ಸರಿ ಮಾಡಿಸಿದೆ.

ಇನ್ನು ಗಾಳಿ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 420 ಭಾಗ) ಆಸುಪಾಸು. ಕಿಟಕಿ ಬಾಗಿಲು ಹಾಕಿಕೊಂಡು ಇಬ್ಬರು ಮಲಗಿದರೆ ರಾತ್ರಿ ಕಳೆಯುವುದರೊಳಗೆ ಅದು ಸಾವಿರ ದಾಟಿ ಎಷ್ಟೋ ಮುಂದೆ ಹೋಗಿರುತ್ತದೆ. ನಮ್ಮಲ್ಲಿ ಸಾವಿರಕ್ಕೆ ಕಿಟಕಿ ಒಂದು ಗೇಣು ತೆರೆಯುತ್ತದೆ. ಸೊಳ್ಳೆ ಜಾಲರಿ ಒಳಗಡೆ ಇರುವುದರಿಂದ ಚಿಂತೆಯಿಲ್ಲ. ಬೆಳಿಗ್ಗೆ ತಲೆ ಭಾರ ಅನ್ನುವುದು ನಿಂತಿದೆ.

ಆದರೆ ಈ ಕಿಟಕಿಗೆ ಗೊತ್ತಿರುವುದು ಒಳಗಿನ ಗಾಳಿ ಮಾತ್ರ. ರಸ್ತೆ ತುದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರೂ ಕಿಟಕಿ ಸುಮ್ನೆ ತೆರೆದುಕೊಂಡು ಹೊಗೆಯನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಕಂಪನಿಯವರನ್ನು ಕೇಳಿದರೆ "ಅಪ್‌ಡೇಟ್ ಬರುತ್ತೆ ಸಾರ್" ಅಂದರು. ಇನ್ನೂ ಬಂದಿಲ್ಲ. ಕೊನೆಗೆ ಹೊರಗಡೆ ಧೂಳು ಅಳೆಯುವ ಸೆನ್ಸರ್ ಒಂದನ್ನು ಬೇರೆ ಕೊಂಡು ಜೋಡಿಸಿದೆವು.

ಕೋಣೆಯಲ್ಲಿ ಜನ ಇದ್ದಾರಾ ಅಂತ ನೋಡುವ ಸೆನ್ಸರ್ ಕಥೆಯೇ ಬೇರೆ. ಮೊದಲು ಕೊಟ್ಟಿದ್ದು ಅಲುಗಾಟವನ್ನಷ್ಟೇ ಹಿಡಿಯುವಂಥದ್ದು. ಅಮ್ಮ ಕಿಟಕಿ ಪಕ್ಕ ಜಪಕ್ಕೆ ಕೂತರೆ ಅಲುಗಾಡುವುದಿಲ್ಲ. ಯಾರೂ ಇಲ್ಲ ಅಂದುಕೊಂಡು ಬ್ಲೈಂಡ್ ಪೂರಾ ಇಳಿದುಬಿಡುತ್ತಿತ್ತು. ಅಮ್ಮ ಜಪಮಾಲೆ ಹಿಡಿದ ಕೈಯನ್ನೇ ಎತ್ತಿ ಬೀಸಿ "ಇಲ್ಲೇ ಇದ್ದೀನಪ್ಪಾ" ಅನ್ನುತ್ತಿದ್ದರು. ರಾಡಾರ್ ಸೆನ್ಸರ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು, ಅದು ಉಸಿರಾಟದ ಅಲುಗಾಟವನ್ನೂ ಹಿಡಿಯುತ್ತದೆ. ಹಾಗಂತ ಗೋಡೆ ಸ್ವಿಚ್ ಇಲ್ಲದೆ ಹಾಕಿಸಬೇಡಿ. ಬೆಳಕು ಬೇಕು ಅನಿಸಿದಾಗ ಅಮ್ಮ ಫೋನ್ ಹುಡುಕಬೇಕಾ?

ಕಿಟಕಿ ಮೋಟಾರುಗಳಿಗೆ ಯುಪಿಎಸ್ ಕನೆಕ್ಷನ್ ಕೊಡಿಸುವುದೂ ಅಷ್ಟೇ ಮುಖ್ಯ. ಏಪ್ರಿಲ್‌ನ ಮಳೆ ಬರುವುದು ಗಾಳಿ ಸಮೇತ, ಕರೆಂಟ್ ಹೋಗುವುದೂ ಆಗಲೇ.

ಬಜೆಟ್ ಕಡಿಮೆ ಇದ್ದರೆ ಪಶ್ಚಿಮಕ್ಕೆ ಹೊರಗಿನ ಬ್ಲೈಂಡ್ ಮಾತ್ರ ಹಾಕಿಸಿ, ಕಿಟಕಿಯನ್ನು ಕೈಯಲ್ಲೇ ತೆರೆಯಿರಿ. ಎಲ್ಲಾ ಹಾಕಿಸುವುದಾದರೆ ತಾರಸಿಯ ಮಳೆ ಸೆನ್ಸರ್ ಆಗಾಗ ಒರೆಸುತ್ತಿರಿ. ಪಾರಿವಾಳ ಅದರ ಮೇಲೆ ಗಲೀಜು ಮಾಡಿದರೂ ಮಳೆ ಅಂತಲೇ ತಿಳಿದು ಮನೆ ಕಿಟಕಿಯೆಲ್ಲ ಮುಚ್ಚಿಬಿಡುತ್ತದೆ.