ಬೆಥೋವನ್ ಸೊನಾಟಾ: ಹೆನ್ಲೆ, ಕೂಪರ್, ಶ್ನಾಬೆಲ್ ಪೈಕಿ ಯಾವ ಪುಸ್ತಕ?

ಬೆಥೋವನ್‌ರ ಪಿಯಾನೋ ಸೊನಾಟಾಗಳು (ಸಾಮಾನ್ಯವಾಗಿ ಹಲವು ಭಾಗಗಳಿರುವ ಕೃತಿಗಳು) ಬೇರೆಬೇರೆ ಸಂಪಾದಿತ ಪ್ರತಿಗಳಲ್ಲಿ ಸಿಗುತ್ತವೆ. ಜರ್ಮನ್ ಪ್ರಕಾಶನ ಹೆನ್ಲೆಯ ಪ್ರತಿ ಉರ್‌ಟೆಕ್ಸ್ಟ್. ಅಂದರೆ ಹಸ್ತಪ್ರತಿ, ಮೊದಲ ಮುದ್ರಣ ನೋಡಿ ತಯಾರಿಸಿದ ಸ್ವರಲಿಪಿ. ಪುಟ ಸ್ವಚ್ಛ. ಬೆರಳ ಸಂಖ್ಯೆಗಳು (ಯಾವ ಬೆರಳಿಂದ ನುಡಿಸಬೇಕೆಂಬ ಅಂಕಿ) ಮಾತ್ರ ಹೆಚ್ಚಿನವು ಸಂಪಾದಕರ ಕಡೆಯವು, ಎಲ್ಲವೂ ಬೆಥೋವನ್‌ದು ಅಂದುಕೊಳ್ಳಬೇಡಿ.

ಸಂಗೀತ ವಿದ್ವಾಂಸ ಬ್ಯಾರಿ ಕೂಪರ್ ಪ್ರತಿಯೂ (2007) ಮೂಲಕ್ಕೇ ಹೋಗುತ್ತದೆ. ಆದರೆ ಯಾವ ಸ್ವರವನ್ನು ಯಾಕೆ ಆರಿಸಿದ್ದು ಎಂಬ ಕಾರಣಗಳನ್ನೂ ವಿವರವಾಗಿ ಹೇಳುತ್ತದೆ. 32ರ ಬದಲು 35 ಸೊನಾಟಾ ಇವೆ, ಹುಡುಗ ಬೆಥೋವನ್ ಬರೆದ ಮೂರೂ ಸೇರಿ.

ಈ ವಿವರಣೆ ಯಾಕೆ ಬೇಕು? ‘ಹಾಮರ್‌ಕ್ಲಾವಿಯರ್’ ಸೊನಾಟಾ (ಓಪಸ್ 106) ನೋಡಿ. ಮೊದಲ ಭಾಗದಲ್ಲಿ, ಮುಖ್ಯ ರಾಗ ಮರಳುವ ಮುಂಚೆ, ಮೊದಲ ಮುದ್ರಣದ ಪ್ರಕಾರ ಎ ಶಾರ್ಪ್ (ಅರ್ಧ ಸ್ವರ ಏರಿಸಿದ ‘ಎ’) ನುಡಿಸಬೇಕು. ಬೆಥೋವನ್ ಆ ಏರಿಕೆಯನ್ನು ರದ್ದು ಮಾಡುವ ನ್ಯಾಚುರಲ್ ಚಿಹ್ನೆ ಹಾಕಲು ಮರೆತರಾ? ಹಸ್ತಪ್ರತಿ ಕಳೆದುಹೋಗಿದೆ. ಜಗಳ ಇನ್ನೂ ಮುಗಿದಿಲ್ಲ! ಇಂಥ ಕಡೆ ಉರ್‌ಟೆಕ್ಸ್ಟ್ ಕೂಡ ಒಬ್ಬರ ತೀರ್ಪೇ, ಅಲ್ವಾ?

ಪಿಯಾನೋ ವಾದಕ ಆರ್ಟುರ್ ಶ್ನಾಬೆಲ್ ಪ್ರತಿ ಬೇರೆ ಜಾತಿ. 32 ಸೊನಾಟಾಗಳನ್ನೂ ಮೊದಲು ರೆಕಾರ್ಡ್ ಮಾಡಿದವರು ಅವರು. ಪುಟದ ತುಂಬ ಟಿಪ್ಪಣಿ, ಒಂದೇ ಭಾಗದೊಳಗೆ ಬದಲಾಗುವ ಮೆಟ್ರೊನೋಮ್ ಅಂಕಿ (ನುಡಿಸುವ ವೇಗದ ಸೂಚನೆ), ವಿಚಿತ್ರ ಬೆರಳುಗಾರಿಕೆ. ಮೇಷ್ಟ್ರು ಪಕ್ಕದಲ್ಲೇ ಕೂತ ಹಾಗೆ. ಕಲಿಯಲು ಜಾಸ್ತಿ ಸಿಗುತ್ತದೆ, ಆದರೆ ಇದೊಂದೇ ಸಾಲದು.

ಒಂದೇ ಕೊಳ್ಳುವುದಾದರೆ ನನ್ನ ಮತ ಕೂಪರ್‌ಗೆ. ಶ್ನಾಬೆಲ್ ಪ್ರತಿಯನ್ನು ಲೈಬ್ರರಿಯಲ್ಲಿ ಹುಡುಕಿ.