ಕ್ರೂಸ್ ಹಡಗಿನ ಸೇವೆ ಮತ್ತು ಟಿಪ್ಸ್: ಯಾರಿಗೆ, ಯಾವಾಗ, ಎಷ್ಟು

ಈಚೆಗೆ ನಾನೂ ನಮ್ಮವರೂ ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಹೋಗಿಬಂದೆವು. ಕಾರವಾರದಲ್ಲಿ ಸಂಜೆ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಾಗ ಮುಂಬೈ. ಹಡಗು ಚೆನ್ನಾಗಿತ್ತು. ಕ್ಯಾಬಿನ್ ಸಣ್ಣದು, ಆದರೆ ಚೊಕ್ಕಟ. ಊಟ ಬೇಕಾದಷ್ಟು. ಮೀನು ಮಾತ್ರ ನಮ್ಮ ಕಡೆಯವರಿಗೆ ಹಿಡಿಸುವಂಥದ್ದಲ್ಲ. ಬಂಗಡೆ ಇಲ್ಲ, ಇಸವಣ ಇಲ್ಲ, ಮುಳ್ಳು ತೆಗೆದ ಬಿಳಿ ತುಂಡು ಅಷ್ಟೆ. ಸೋಲಕಡಿ ಅಂತೂ ಕೇಳಲೇಬೇಡಿ.

ಊರಿಗೆ ಬಂದ ಮೇಲೆ ಜಾಸ್ತಿ ಜನ ಕೇಳಿದ್ದು ಊಟದ ಬಗ್ಗೆ ಅಲ್ಲ. ಟಿಪ್ಸ್ ಎಷ್ಟು ಕೊಟ್ರಿ, ಕೊಡಲೇಬೇಕಾ ಅಂತ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ನಾನು ಸದಾಶಿವಗಡದ ಕಡೆ ಶಾಲೆಯಲ್ಲಿ ಕಲಿಸಿದವಳು. ಅಲ್ಲಿಂದ ಮಾಜಾಳಿಯವರೆಗೆ ಹುಡುಗರು ಶಿಪ್ಪಿಗೆ ಹೋಗುವುದು ಹೊಸತಲ್ಲ. ನನ್ನ ಕೈಯಲ್ಲಿ ಕಲಿತ ಒಬ್ಬ ಈಗ ಅಮೆರಿಕದ ಕಡೆಯ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್, ಅಂದರೆ ಕ್ಯಾಬಿನ್ ಚೊಕ್ಕಟ ಮಾಡಿ ನೋಡಿಕೊಳ್ಳುವವನು. ನಾವು ಹೊರಡುವ ಸುದ್ದಿ ಕೇಳಿ ವಾಟ್ಸಾಪಿನಲ್ಲಿ ಫೋನ್ ಮಾಡಿದ. "ಅಕ್ಕೋರೆ, ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಬರ್ತದೆ. ಅದನ್ನ ಮಾತ್ರ ತೆಗೆಸ್ಬೇಡಿ" ಅಂದ.

ಅವನು ಹೇಳಿದ್ದು ಒಳ್ಳೆಯದಾಯಿತು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ "ಎಲ್ಲಾ ಸೇರಿದೆ" ಎಂದಿದ್ದರು. ಸೇರಿರಲಿಲ್ಲ. ಸರ್ವಿಸ್ ಚಾರ್ಜ್, ಅಂದರೆ ಕಂಪನಿಯೇ ಬಿಲ್ಲಿಗೆ ಸೇರಿಸುವ ಟಿಪ್ಸ್, ಬೇರೆಯೇ ಇತ್ತು, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ. ಟಿಕೆಟ್ ಮಾಡಿಸುವಾಗಲೇ ಇದನ್ನು ಬಾಯಿಬಿಟ್ಟು ಕೇಳಿ, ಬರಹದಲ್ಲಿ ತರಿಸಿಕೊಳ್ಳಿ.

ದೊಡ್ಡ ಕಂಪನಿಗಳ ಲೆಕ್ಕ ಕೇಳಿದರೆ ಮೊತ್ತದ ಅಂದಾಜು ಸಿಗುತ್ತದೆ. ರಾಯಲ್ ಕೆರಿಬಿಯನ್ 2023ರ ನವೆಂಬರಿನಲ್ಲಿ ಈ ಚಾರ್ಜನ್ನು ಸಾಮಾನ್ಯ ಕ್ಯಾಬಿನ್ನಿಗೆ ತಲೆಗೆ ದಿನಕ್ಕೆ 18.50 ಡಾಲರ್, ಸೂಟ್ ಅನ್ನುವ ದೊಡ್ಡ ಕ್ಯಾಬಿನ್ನಿಗೆ 21 ಡಾಲರ್ ಮಾಡಿತು. ಮಕ್ಕಳದ್ದೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಜನರ ಮನೆ ಸಿಂಗಾಪುರದಿಂದ ಮೂರು ರಾತ್ರಿ ಹೋಯಿತು ಅನ್ನಿ. 222 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 18,870 ರೂಪಾಯಿ. ಇದು ಕೊನೆಯ ದಿನ ಎದುರಿಗೆ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಮೊದಲೇ ಟಿಕೆಟಿನ ಜೊತೆ ಸೇರಿಸಿ ಲೆಕ್ಕ ಹಾಕಿಕೊಳ್ಳಿ ಅನ್ನುವುದು. ಎಲ್ಲಾ ಕಡೆ ಹೀಗೇ ಇಲ್ಲ. ಬ್ರಿಟನ್ನಿನ ಪಿ ಆ್ಯಂಡ್ ಓ ಕ್ರೂಸಸ್ 2019ರಲ್ಲಿ ದಿನದ ಸರ್ವಿಸ್ ಚಾರ್ಜನ್ನೇ ಕೈಬಿಟ್ಟಿತು. ತುಂಬಾ ದುಬಾರಿ ಹಡಗುಗಳಲ್ಲಿ ಟಿಕೆಟಿನಲ್ಲೇ ಸೇರಿರುತ್ತದೆ.

ನಮ್ಮ ಹಡಗಿನಲ್ಲಿ ಕೊನೆಯ ಸಂಜೆ ರಿಸೆಪ್ಷನ್ ಮುಂದೆ ಒಂದು ಗುಂಪು ನಿಂತಿತ್ತು. ಆ ಚಾರ್ಜ್ ತೆಗೆಯಿರಿ, ನಾವು ಕೈಯಲ್ಲೇ ಕೊಡುತ್ತೇವೆ ಅಂತ ವಾದ. ಮಾರನೇ ಬೆಳಿಗ್ಗೆ ಅವರೇ ಬ್ಯಾಗ್ ಎಳೆದುಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಹೋದರು. ನನಗೆ ಬಹಳ ಬೇಸರವಾಯಿತು, ಸಿಟ್ಟೂ ಬಂತು. ಆ ದುಡ್ಡು ಒಬ್ಬರ ಕಿಸೆಗೆ ಹೋಗುವುದಲ್ಲ. ಕ್ಯಾಬಿನ್ ಹುಡುಗರು, ಊಟ ಬಡಿಸುವವರು, ನಾವು ಕಣ್ಣಲ್ಲಿ ನೋಡದ ಹಿಂದಿನ ಕೆಲಸದವರು, ಹೀಗೆ ಹಂಚಿಕೆಯಾಗುತ್ತದೆ. ಚಾರ್ಜ್ ತೆಗೆಸಿ ಕೈಯಲ್ಲಿ ನಗದು ಕೊಟ್ಟರೂ, ಕೆಲವು ಕಂಪನಿಗಳಲ್ಲಿ ಹುಡುಗರು ಆ ನಗದನ್ನು ಎಲ್ಲರಿಗೂ ಹಂಚುವ ಒಟ್ಟು ಹಣಕ್ಕೇ ತಂದು ಹಾಕಬೇಕು. ಚಾರ್ಜ್ ಹಾಗೇ ಬಿಟ್ಟು ಮೇಲೆ ಕೊಟ್ಟದ್ದು ಅವರದ್ದೇ. ನನ್ನ ಹುಡುಗ ಒತ್ತಿ ಹೇಳಿದ್ದು ಇದನ್ನೇ.

ಇವರ ಕೆಲಸದ ಹೊತ್ತು ಎಂಥದ್ದು ಅಂತ ಗೊತ್ತಿರಬೇಕು. ಹಡಗಿನ ನೌಕರರಿಗಾಗಿ 2006ರ ಕಡಲ ಕಾರ್ಮಿಕ ಒಪ್ಪಂದ ಇದೆ. ನಮ್ಮ ದೇಶ ಅದನ್ನು 2015ರಲ್ಲಿ ಒಪ್ಪಿಕೊಂಡಿತು. ಅದರ ವಿಶ್ರಾಂತಿಯ ನಿಯಮ ಏನು ಗೊತ್ತಾ? 24 ಗಂಟೆಯಲ್ಲಿ ಕಡಿಮೆಯೆಂದರೆ 10 ಗಂಟೆ, ವಾರಕ್ಕೆ 77 ಗಂಟೆ. ಆ 10 ಗಂಟೆಯನ್ನೂ ಎರಡು ಭಾಗ ಮಾಡಬಹುದು, ಒಂದು ಭಾಗ 6 ಗಂಟೆಗೆ ಕಡಿಮೆ ಆಗಬಾರದು. ಅಂದರೆ ನಿಯಮ ಪಾಲಿಸಿದ ಮೇಲೂ ಕೆಲವು ದಿನ 14 ಗಂಟೆಯವರೆಗೂ ದುಡಿಸಬಹುದು. ಕಾಂಟ್ರ್ಯಾಕ್ಟ್ ಮುಗಿಯುವ ತನಕ ಭಾನುವಾರ ಅಂತ ಪೂರ್ತಿ ರಜೆ ಸಿಗುವುದಿಲ್ಲ ಅಂತಾನೆ ನನ್ನ ಹುಡುಗ. ಚೌತಿ, ದೀಪಾವಳಿ ಎಲ್ಲಾ ಫೋನಿನಲ್ಲೇ.

ನಮ್ಮ ಕ್ಯಾಬಿನ್ನಿನ ಹುಡುಗನದ್ದು ಒಂದು ಸಂಗತಿ ಹೇಳಲೇಬೇಕು. ನಮ್ಮವರಿಗೆ ಬಿ.ಪಿ., ಶುಗರ್ ಎರಡೂ ಇದೆ. ಮಾತ್ರೆಯ ಡಬ್ಬಿ ಹಾಸಿಗೆ ಪಕ್ಕದ ಚಿಕ್ಕ ಮೇಜಿನ ಮೇಲಿರುತ್ತಿತ್ತು. ಮೊದಲ ರಾತ್ರಿ ಇವರು ಕತ್ತಲಲ್ಲಿ ನೀರಿಗೆ ತಡಕಾಡಿದರು. ಮರುದಿನ ಸಂಜೆ ಹಾಸಿಗೆ ಸರಿಮಾಡಲು ಬಂದವನು ಡಬ್ಬಿಯನ್ನು ಮುಟ್ಟದೆ, ಅದರ ಪಕ್ಕಕ್ಕೆ ನೀರಿನ ಬಾಟಲಿ, ಕವುಚಿದ ಲೋಟ, ಲೋಟದ ಕೆಳಗೆ ಮಡಿಸಿದ ಕಾಗದದ ಕರವಸ್ತ್ರ ಇಟ್ಟು ಹೋಗಿದ್ದ. ನಾವು ಕೇಳಿರಲಿಲ್ಲ. ಆಮೇಲೆ ದಿನಾ ಹಾಗೇ ಇಟ್ಟ. ಟವೆಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸುವುದನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನನಗೆ ಆ ಲೋಟವೇ ದೊಡ್ಡದಾಗಿ ಕಂಡಿತು.

ಇಂಥವರಿಗೆ ಚಾರ್ಜಿನ ಮೇಲೆ ಬೇರೆ ಕೊಡಬೇಕು. ನಾವು ಅವನಿಗೆ 1000 ರೂಪಾಯಿ ಕೊಟ್ಟೆವು. ಊಟದ ಮೇಜಿನಲ್ಲಿ ದಿನಾ ನೋಡಿಕೊಂಡವನಿಗೆ 500, ಅವನ ಕೈಕೆಳಗಿನ ಹುಡುಗನಿಗೆ 300. ಮುಖ್ಯ ಬಡಿಸುವವನಿಗೆ ಕೊಟ್ಟು ನೀರು, ತಟ್ಟೆ ನೋಡಿಕೊಳ್ಳುವ ಸಹಾಯಕನನ್ನು ಮರೆಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಬಿನ್ನಿಗೇ ಊಟ, ಚಹಾ ತರಿಸಿದರೆ ಆಗಲೇ ಕೈಯಲ್ಲಿ 50 ಅಥವಾ 100. ಕ್ಯಾಪ್ಟನ್, ಆಫೀಸರುಗಳಿಗೆ ಟಿಪ್ಸ್ ಕೊಡುವ ರೂಢಿ ಇಲ್ಲ, ಕೊಟ್ಟರೆ ಅವರಿಗೇ ಮುಜುಗರ.

ಬಾರಿನಲ್ಲಿ ಮಾತ್ರ ಬಿಲ್ ಓದಿ ಸಹಿ ಹಾಕಿ. ರಾಯಲ್ ಕೆರಿಬಿಯನ್ನಿನಂಥ ಕಡೆ ಪ್ರತಿ ಪಾನೀಯಕ್ಕೆ ಶೇ 18 ತಾನಾಗಿಯೇ ಸೇರಿರುತ್ತದೆ, ಸ್ಪಾದಲ್ಲೂ ಹಾಗೆಯೇ. ಅದರ ಕೆಳಗೆ ಟಿಪ್ಸ್ ಬರೆಯಲು ಇನ್ನೊಂದು ಖಾಲಿ ಗೆರೆ ಇರುತ್ತದೆ. ಅದನ್ನು ತುಂಬಲೇಬೇಕು ಅಂತಿಲ್ಲ. ಇಲ್ಲಿ ಸುಮ್ನೆ ಎರಡೆರಡು ಸಲ ಕೊಡುವ ಬದಲು ಆ ದುಡ್ಡು ಕ್ಯಾಬಿನ್ ಹುಡುಗನಿಗೆ ಹೋಗಲಿ.

ಯಾವಾಗ ಕೊಡುವುದು? ಕೊನೆಯ ರಾತ್ರಿ, ಊಟಕ್ಕೆ ಹೋಗುವ ಮೊದಲು. ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಇಳಿಯುವ ಬೆಳಿಗ್ಗೆ ಎಲ್ಲರಿಗೂ ಗಡಿಬಿಡಿ. ನಾವು ಇಳಿಯುತ್ತಿದ್ದ ಹಾಗೇ ಮುಂದಿನ ಜನಕ್ಕೆ ಅಷ್ಟೂ ಕ್ಯಾಬಿನ್ ಸಿದ್ಧವಾಗಬೇಕು, ಹುಡುಗ ಎಲ್ಲಿದ್ದಾನೆ ಅಂತ ಹುಡುಕಿದರೂ ಸಿಗುವುದಿಲ್ಲ. ಹಡಗಿನಲ್ಲಿ ಎಲ್ಲಾ ಕಾರ್ಡಿನಲ್ಲೇ ನಡೆಯುವುದರಿಂದ ಕಿಸೆಯಲ್ಲಿ ನಗದೇ ಇರುವುದಿಲ್ಲ. ಕಾರವಾರ ಬಿಡುವಾಗಲೇ ಬ್ಯಾಂಕಿನಿಂದ ನೂರು, ಐನೂರರ ನೋಟು ತೆಗೆದಿಟ್ಟುಕೊಳ್ಳಿ. ಲಕೋಟೆ ರಿಸೆಪ್ಷನ್ನಿನಲ್ಲಿ ಕೊಡುತ್ತಾರೆ. ನಾವು ಲಕೋಟೆಯ ಮೇಲೆ ಅವನ ಹೆಸರು ಬರೆದು ಕೈಯಲ್ಲೇ ಕೊಟ್ಟೆವು. ಮೇಜಿನ ಮೇಲೆ ಇಟ್ಟುಹೋದರೆ ಮರೆತುಬಿಟ್ಟ ದುಡ್ಡೋ, ಕೊಟ್ಟ ದುಡ್ಡೋ ಅಂತ ಅವನಿಗೆ ತಿಳಿಯುವುದು ಹೇಗೆ, ಅಲ್ವಾ?

ದುಡ್ಡಿನಷ್ಟೇ ಬೆಲೆಯ ಇನ್ನೊಂದು ಕೆಲಸ ಇದೆ. ಪ್ರಯಾಣ ಮುಗಿಯುವಾಗ ಅಭಿಪ್ರಾಯದ ಫಾರ್ಮ್ ಕೊಡುತ್ತಾರೆ, ಇಲ್ಲವೇ ಇಮೇಲ್ ಬರುತ್ತದೆ. ಅದರಲ್ಲಿ ಹುಡುಗರ ಹೆಸರು ಹಾಕಿ ಬರೆಯಿರಿ. ಬಡ್ತಿ ಕೊಡುವಾಗ, ಮುಂದಿನ ಕಾಂಟ್ರ್ಯಾಕ್ಟಿಗೆ ಕರೆಯುವಾಗ ಮೇಲಿನವರು ಅದನ್ನು ನೋಡುತ್ತಾರಂತೆ. ಸುಮ್ಮನೆ "ಸೇವೆ ಚೆನ್ನಾಗಿತ್ತು" ಅಂದರೆ ಯಾರಿಗೂ ಉಪಯೋಗವಿಲ್ಲ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದುಕೊಳ್ಳಿ, ಕ್ಯಾಬಿನ್ ನಂಬರ್ ಸೇರಿಸಿ, ಏನು ಮಾಡಿದ ಅಂತ ಎರಡು ಸಾಲು ಹಾಕಿ. ನಾವು ನೀರಿನ ಬಾಟಲಿಯ ವಿಷಯವನ್ನೇ ಬರೆದೆವು.